ರಕ್ತಕ್ಕೆ ತಣ್ಣೀರು

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಭ ಅನ್ನಬೇಡಿ. ನಾನು ಹುಟ್ಟಿದಾಗ ಅತ್ತ ಅಳುವಿಗೆ ಸೂಲಗಿತ್ತಿಯ ಎಡಗಿವಿ ಹೋಯಿತು. ನಾನು ಶಾಲೆಯಲ್ಲಿ ಮಗ್ಗಿ ಹೇಳಿದರೆ ಪಕ್ಕದ ಶಾಲೆಯ ಮಕ್ಕಳು ಪಾಸಾಗುತ್ತಿದ್ದರು. ಒಮ್ಮೆ ಬೀದಿಯಲ್ಲಿ ನಿಂತು ಕೂಗಿದ್ದಕ್ಕೆ ನಾಯಿಗಳೆಲ್ಲ ಸಂಸಾರ ಸಮೇತ ಗುಳೆ ಹೋದವು. ಇವತ್ತಿಗೂ ಆ ಬೀದಿಯಲ್ಲಿ ಬೆಕ್ಕುಗಳದ್ದೇ ದರ್ಬಾರು. ನನಗೆ ‘ಬಡಾಯಿ’ ಅಂತ ಹೆಸರಿಟ್ಟವರು ಹೊಟ್ಟೆಕಿಚ್ಚಿನವರು.

ಇಂಥ ಗಂಟಲಿಗೆ ಸಿಕ್ಕ ಕೆಲಸ ಲಾಂಡ್ರಿಯಲ್ಲಿ. ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಕಾರ್ಖಾನೆ. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಊರಿನವರು ಹೆತ್ತದ್ದು, ಸತ್ತದ್ದು, ಕುಡಿದು ಕಕ್ಕಿದ್ದು, ಕದ್ದು ಮಲಗಿದ್ದು, ಎಲ್ಲದರ ಗುರುತೂ ನಮ್ಮ ಕೈ ಹಾಯಬೇಕು. ನಾವು ಒಗೆದು ಬೆಳ್ಳಗೆ ಮಾಡಿ ಕಳಿಸುತ್ತೇವೆ. ಅವರು ಮತ್ತೆ ಮರ್ಯಾದಸ್ಥರಾಗುತ್ತಾರೆ. ಸಂಜೆ ನಾವು ಬಸ್ಸು ಹತ್ತಿದರೆ ಮೂಗು ಮುಚ್ಚುತ್ತಾರೆ. ಬ್ಲೀಚಿನ ವಾಸನೆಯಂತೆ. ಅವರ ಹೊಲಸು ತೊಳೆದ ವಾಸನೆ ಅದು. ಪಕ್ಕದ ಸೀಟಿನವರು ಎದ್ದು ಹೋಗುತ್ತಾರೆ. ನಾನು ಕಾಲು ಚಾಚಿ ಕೂರುತ್ತೇನೆ. ಬಸ್ಸಿನಲ್ಲಿ ರಾಜನಿಗೂ ಅಷ್ಟು ಜಾಗ ಸಿಕ್ಕಿರಲಿಕ್ಕಿಲ್ಲ.

ನಾನೂ ನನ್ನ ಅಕ್ಕನೂ ಪ್ರೆಸ್ಸಿನಲ್ಲಿ. ಪ್ರೆಸ್ಸು ಅಂದರೆ ಎರಡು ಹಲಗೆ. ಕೆಳಗಿನದು ಮಂಚದಷ್ಟು ಅಗಲ. ಮೇಲಿನದು ಕಾದ ಕಬ್ಬಿಣ. ನಡುವೆ ಹಬೆ. ಅಕ್ಕ ಒದ್ದೆ ಶೀಟು ಹಾಸುವವಳು, ಮೂಲೆ ಎಳೆಯುವವಳು. ನಾನು ಎದುರಿಗೆ ನಿಂತು ಪೆಡಲು ತುಳಿಯುವವಳು. ತುಳಿದರೆ ಕಬ್ಬಿಣ ಇಳಿಯುತ್ತದೆ. ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ನಿಯಮವಿತ್ತು. ಯಾವ ಇಂಜಿನಿಯರನೂ ಕಲಿಸಿದ್ದಲ್ಲ, ನಮ್ಮ ಅಮ್ಮನ ಕಾಲದ ಹೆಂಗಸರು ಕಟ್ಟಿಕೊಂಡದ್ದು. ತುಳಿಯುವವಳು ಕೇಳಬೇಕು:

“ಕೈ?”

ಹಾಸುವವಳು ಹೇಳಬೇಕು:

“ಹೊರಗೆ!”

ಉತ್ತರ ಬಾರದೆ ಕಾಲು ಇಳಿಯಕೂಡದು. ಅಷ್ಟೇ. ಸಾಲಾಗಿ ನಿಂತ ಪ್ರೆಸ್ಸುಗಳ ಮುಂದೆ ದಿನವಿಡೀ ಕೈ, ಹೊರಗೆ, ಕೈ, ಹೊರಗೆ. ಅಮ್ಮ ಇಪ್ಪತ್ತು ವರ್ಷ ದುಡಿದು ಹತ್ತು ಬೆರಳಿನ ಜೊತೆಗೇ ಸತ್ತಳು.

ನಮ್ಮ ಬ್ಯಾಂಡು ಹುಟ್ಟಿದ್ದು ಆ ಕೂಗಿನಿಂದ. ಹೆಸರು ‘ಹಬೆ’. ಹಾರ್ಡ್‌ಕೋರ್ ಪಂಕ್ ಅಂತಾರೆ ಇದಕ್ಕೆ. ತಿಳಿಯದವರು ಗದ್ದಲ ಅಂತಾರೆ. ತಿಳಿದವರೂ ಗದ್ದಲ ಅಂತಲೇ ಅನ್ನುತ್ತಾರೆ, ಆದರೆ ನಗುತ್ತಾ. ಬಾಯ್ಲರಿಗೆ ಬೆಂಕಿ ಕೊಡುವವನು ಗಿಟಾರು. ಅವನನ್ನು ನಾವು ಬಾಯ್ಲರ್ ಅಂತಲೇ ಕರೆಯುವುದು. ಎರಡು ತಂತಿ ಕಡಿಮೆಯ ಗಿಟಾರು. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ಉಳಿದ ತಂತಿಗಳೇ ಜಾಸ್ತಿಯಾದವು ಅಂತ ಅವನ ಅಳಲು. ಬೇಸ್ ಗಿಟಾರು ಸೋಪಕ್ಕನದು. ಒಗೆಯುವ ಯಂತ್ರಗಳಿಗೆ ಸೋಪು ಅಳೆದು ಸುರಿಯುವ ದೊಡ್ಡ ಹೆಂಗಸು, ವರ್ಷಕ್ಕೆ ಮೂರು ಮಾತಾಡುತ್ತಾಳೆ, ಅದರಲ್ಲಿ ಎರಡು ಬೈಗುಳ. ಡ್ರಮ್ಮು ನನ್ನ ಅಕ್ಕ. ಅವಳಿಗೆ ಯಾರೂ ತಾಳ ಕಲಿಸಲಿಲ್ಲ. ಪ್ರೆಸ್ಸಿನ ಮುಂದೆ ನಿಂತು ನಿಂತು ಅದು ಮೂಳೆಗೇ ಇಳಿದಿತ್ತು. ಹಾಡುವವಳು ನಾನು. ಬೇರೆ ಯಾರು ಹಾಡಿಯಾರು?

ವಾರದ ರಜೆಯ ದಿನ ಹಳೆಯ ಬಸ್ ರಿಪೇರಿ ಶೆಡ್ಡಿನಲ್ಲಿ ನಮ್ಮ ಕಾರ್ಯಕ್ರಮ. ಎಣ್ಣೆ ಕುಡಿದ ನೆಲ. ತಗಡಿನ ಸೂರು. ಲಾಂಡ್ರಿಯವರು, ಹಮಾಲರು, ಕಸದ ಲಾರಿಯವರು, ಸೆಕ್ಯುರಿಟಿ ಗಾರ್ಡುಗಳು, ಕೆಲಸ ಕಳೆದುಕೊಂಡವರು ಬರುತ್ತಿದ್ದರು. ಮೊದಲ ಸಲ ನಾನು ಬಾಯಿ ತೆರೆದಾಗ ತಗಡು ಎರಡು ಗೇಣು ಮೇಲೆದ್ದು, ನಕ್ಷತ್ರ ತೋರಿಸಿ, ಮತ್ತೆ ಕೂತಿತು. ಒಂದೊಂದು ಹಾಡು ಒಂದೊಂದು ನಿಮಿಷ. ಅದಕ್ಕಿಂತ ಉದ್ದ ಹಾಡಲು ದುಡಿಯುವವರಿಗೆ ಉಸಿರೆಲ್ಲಿ ಉಳಿದಿರುತ್ತದೆ?

“ನನ್ನ ಬೆನ್ನು ನಿನ್ನ ಮೇಜಲ್ಲ!
ತೆಗಿ ಲೋಟ! ತೆಗಿ ಮೊಣಕೈ!”

ಇಡೀ ಹಾಡು ಇಷ್ಟೇ. ಹನ್ನೆರಡು ಸಲ.

ವೇದಿಕೆಯ ಮುಂದಿನ ಜಾಗಕ್ಕೆ ಪಿಟ್ಟು ಅನ್ನುತ್ತಾರೆ. ಅಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಗುದ್ದುತ್ತಾರೆ, ಭುಜಕ್ಕೆ ಭುಜ ಬಡಿಯುತ್ತಾರೆ. ಹೊರಗಿನಿಂದ ನೋಡಿದರೆ ಗಲಾಟೆ. ಒಳಗೆ ಒಂದೇ ಕಾನೂನು: ಯಾರಾದರೂ ನೆಲಕ್ಕೆ ಬಿದ್ದರೆ ಹತ್ತಿರವಿದ್ದವರೆಲ್ಲ ನಿಂತು ಎತ್ತಬೇಕು. ಯಾರು, ಏನು, ಕೇಳಕೂಡದು. ಎತ್ತಿ, ಮೈ ಕೊಡವಿ, ಮತ್ತೆ ಗುದ್ದಬಹುದು. ಲಾಂಡ್ರಿಯ ಕಾನೂನು ಇದರ ತಿರುಗಾಮುರುಗಾ. ಅಲ್ಲಿ ಯಾರೂ ಯಾರನ್ನೂ ಗುದ್ದುವುದಿಲ್ಲ. ಬಿದ್ದವರನ್ನು ಎತ್ತುವುದೂ ಇಲ್ಲ. ಯಂತ್ರ ನಿಲ್ಲಬಾರದಲ್ಲ.

ಒಂದು ದಿನ ದೊಡ್ಡ ಹೋಟೆಲಿನವರು ಲಾಂಡ್ರಿ ನೋಡಲು ಬಂದರು. ನಮ್ಮ ಕೂಗು ಕೇಳಿ ಕಿವಿ ಮುಚ್ಚಿದರು. “ಏನ್ರೀ ಇದು, ಸಂತೆ ಇದ್ದ ಹಾಗಿದೆ.” ಅಷ್ಟು ಸಾಕಾಯಿತು. ಮಾರನೆಯ ವಾರ ಪೆಡಲುಗಳನ್ನು ಕಿತ್ತರು. ಗಂಟೆ ಬಂತು. ಟಿಣ್ ಎಂದರೆ ಸಾಲಿನ ಕಬ್ಬಿಣಗಳೆಲ್ಲ ತಾವಾಗಿಯೇ ಇಳಿಯುತ್ತವೆ. ಎತ್ತಿ, ಹಾಸಿ, ಮತ್ತೆ ಟಿಣ್.

ಮೇಸ್ತ್ರಿ ಬೆಂಚಿನ ಮೇಲೆ ಹತ್ತಿ ನಿಂತು ಹೇಳಿದ. “ಇನ್ಮೇಲೆ ಕೈ ಇಲ್ಲ, ಹೊರಗೆ ಇಲ್ಲ. ಕೂಗಿದವರಿಗೆ ಅರ್ಧ ದಿನ ಕಟ್. ಲೇ ಬಡಾಯಿ, ಮುಖ್ಯವಾಗಿ ನಿಂಗೇ ಹೇಳ್ತಿರೋದು.”

“ಗಂಟೆಗೆ ಕಣ್ಣಿದೆಯಾ ಸಾರ್?” ಅಂದಳು ಅಕ್ಕ.

“ನಿಂಗಿದೆ ಅಲ್ವಾ? ಅದನ್ನ ಬಳಸು.”

ಪ್ರೆಸ್ಸಿನ ಕೋಣೆಯ ತುಂಬ ಹಬೆ. ಕಣ್ಣು ಬಳಸಬೇಕಂತೆ.

ಇಲ್ಲಿಂದ ಮುಂದಿನದಕ್ಕೆ ನಾನು ಒಂದು ಹನಿಯನ್ನೂ ಸೇರಿಸುವುದಿಲ್ಲ. ಸೇರಿಸುವ ಅಗತ್ಯವಿಲ್ಲ.

ಮಧ್ಯಾಹ್ನ. ಶೀಟಿನ ಮೂಲೆ ಮಡಚಿಕೊಂಡಿತ್ತು. ಅಕ್ಕ ಬಲಗೈ ಹಾಕಿ ಬಿಡಿಸಿದಳು. ಗಂಟೆ ಹೊಡೆಯಿತು. ಹಬೆ ಒಂದು ಕ್ಷಣ ಸರಿದಿತ್ತು, ಕೈ ನನಗೆ ಕಂಡಿತು. ನಾನು ಕೂಗಿದೆ. ಯಂತ್ರಕ್ಕೆ ಕಿವಿ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ, ಎಲ್ಲ ನಿಲ್ಲಿಸುವ ಕೆಂಪು ಗುಂಡಿಯ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಗೆ ಎರಡಿದ್ದವು.

ಕಬ್ಬಿಣ ತನ್ನ ಹೊತ್ತು ಮುಗಿಸಿಯೇ ಎದ್ದಿತು.

ಅಕ್ಕ ಕಿರುಚಲಿಲ್ಲ. ಕೈ ನೋಡಿದಳು. ಆಮೇಲೆ ನನ್ನನ್ನು ನೋಡಿ, “ಕೂಗ್ಬೇಡ್ವೇ, ಕಟ್ ಮಾಡ್ತಾರೆ,” ಅಂದು ಕುಸಿದಳು.

ಮೇಸ್ತ್ರಿ ಓಡಿ ಬಂದ. ಅವನ ಬಾಯಿಂದ ಬಂದ ಮೊದಲ ಮಾತು: “ಶೀಟು! ಶೀಟು ತೆಗೀರಿ, ರಕ್ತ ಆರಿಬಿಡತ್ತೆ! ಸೋಪಕ್ಕಾ, ಬಿಸಿನೀರಿಗೆ ಹಾಕು, ಬೇಗ!”

ಒಗೆಯುವವರ ಮನೆಯ ಕೂಸಿಗೂ ಗೊತ್ತು, ರಕ್ತಕ್ಕೆ ತಣ್ಣೀರು. ತಣ್ಣೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಬಿಸಿನೀರು ಬಿದ್ದರೆ ಕಲೆ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ, ಬಟ್ಟೆ ಹರಿದರೂ ಅದು ಹೋಗದು. ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಸೋಪಕ್ಕನ ಕೂದಲು ಬೆಳ್ಳಗಾಗಿತ್ತು. ಅವಳು ಮೇಸ್ತ್ರಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಇಷ್ಟು ವರ್ಷದಲ್ಲಿ ಅವನ ಯಾವ ಮಾತನ್ನೂ ಕೇಳದವಳು ಅವತ್ತು ಕೇಳಿದಳು. ಶೀಟನ್ನು ಕುದಿಯುವ ನೀರಿಗೆ ಹಾಕಿದಳು.

ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಆಸ್ಪತ್ರೆಯಲ್ಲಿ ಅಕ್ಕನ ಕೆಳಗೆ ಹಾಸಿದ್ದ ಶೀಟು ನಾವೇ ಇಸ್ತ್ರಿ ಮಾಡಿದ್ದು. ಮಡಿಕೆಯ ಗೆರೆ ನೋಡಿದೊಡನೆ ಗುರುತು ಹತ್ತಿತು.

ಮಾಲೀಕ ವಿಚಾರಣೆ ಮಾಡಿದ. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ. ನಮಗಲ್ಲ. ನಾನು ನಿಂತುಕೊಂಡೇ ಹೇಳಿದೆ, ನಾನು ಕೂಗಿದೆ, ಮೇಸ್ತ್ರಿ ಗುಂಡಿ ಒತ್ತಲಿಲ್ಲ ಅಂತ.

“ನಂಗೇನೂ ಕೇಳಿಸ್ಲಿಲ್ಲ ಸಾರ್,” ಅಂದ ಮೇಸ್ತ್ರಿ. “ಇವಳ ಮಾತು ಬಿಡಿ. ಇಲಿ ಹೋದ್ರೆ ಹುಲಿ ಹೋಯ್ತು ಅನ್ನೋಳು. ಹೆಸರೇ ಬಡಾಯಿ.”

ಮಾಲೀಕ ನಕ್ಕ. ಅಜಾಗರೂಕತೆ ಅಂತ ತೀರ್ಮಾನವಾಯಿತು. ಅಕ್ಕನ ಅಜಾಗರೂಕತೆ.

ಅಲ್ಲಿಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಬಿಡಲಿಲ್ಲ. ಅಕ್ಕನ ಗಾಯ ಒಣಗುವ ಹೊತ್ತಿಗೆ ಮೇಸ್ತ್ರಿ ನಮ್ಮ ಒಂದೇ ಕೋಣೆಯ ಮನೆಗೆ ಬಂದ. ಇದ್ದ ಒಂದೇ ಕುರ್ಚಿಯಲ್ಲಿ ಕೂತ. ಕಂಪನಿಯ ವಾರ್ಷಿಕ ಸಮಾರಂಭವಂತೆ. ಹೋಟೆಲಿನವರು, ಆಸ್ಪತ್ರೆಯವರು, ಎಲ್ಲ ದೊಡ್ಡವರೂ ಬರುತ್ತಾರಂತೆ. ಬೆರಳಿನ ಸುದ್ದಿ ಅವರ ಕಿವಿಗೆ ಬಿದ್ದಿದೆಯಂತೆ.

“ನೀವು ನಾಲ್ಕು ಜನ ಏನೋ ಹಾಡ್ತೀರಂತೆ. ಒಂದು ಮೆದುವಾದ ಹಾಡು ಹಾಡಿ. ನಿಮ್ಮಕ್ಕ ಆ ಕೈಯಲ್ಲೇ ಡ್ರಮ್ ಬಾರಿಸ್ಲಿ. ದೊಡ್ಡೋರು ನೋಡ್ಲಿ, ಏನೂ ಆಗಿಲ್ಲ ಅಂತ. ಅದಕ್ಕೂ ಮೊದಲು ಮೈಕ್ ಹಿಡಿದು, ತಪ್ಪು ನಂದೇ, ಕಂಪನಿ ನನ್ನನ್ನ ಮನೆಮಗಳ ಹಾಗೆ ನೋಡ್ಕೊಳ್ತು ಅಂತ ಎರಡು ಮಾತು. ಮಡಚೋ ವಿಭಾಗದಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಡ್ತಾರೆ. ಇಲ್ಲಾಂದ್ರೆ ಎರಡು ಬೆರಳಿನವಳನ್ನ ಇಟ್ಕೊಂಡು ಕಂಪನಿ ಏನು ಮಾಡ್ಲಿ, ನೀನೇ ಹೇಳು?”

“ಮೆದುವಾದ ಹಾಡಾ?” ಅಂದೆ ನಾನು. “ನಮ್ಮದೆಲ್ಲ ಬೆಣ್ಣೆ ಸಾರ್. ಹಸುಗೂಸುಗಳು ಕೇಳ್ತಾ ಕೇಳ್ತಾ ಮಲಗಿಬಿಡ್ತವೆ.”

“ಹಾಡ್ತೀವಿ,” ಅಂದಳು ಅಕ್ಕ. “ಹೇಳ್ತೀನಿ.”

ಅವನು ಹೋದ ಮೇಲೆ ನಾನು ಸಿಟ್ಟಿನಲ್ಲಿ ಕುಣಿದಾಡಿದೆ. ಗೋಡೆಗೆ ಗುದ್ದಿದೆ. ಗೋಡೆ ಮೂರು ಮನೆ ದಾಟಿ ಬಿತ್ತು ಅಂತ ಬೇಕಾದರೆ ಇಟ್ಟುಕೊಳ್ಳಿ. ಅಕ್ಕ ತಲೆಯೆತ್ತಲಿಲ್ಲ. ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಹೆಬ್ಬೆರಳು ಕಿರುಬೆರಳಿನ ನಡುವೆ ಕೂದಲು ನಿಲ್ಲುತ್ತಿರಲಿಲ್ಲ. ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದಳು. ಜಾರುತ್ತಿತ್ತು. ಹುಡುಗಿ ತಲೆ ಅಲುಗಿಸದೆ ಕೂತಿದ್ದಳು. ಸಣ್ಣದಕ್ಕೂ ರಂಪ ಮಾಡುವ ಹುಡುಗಿ ಅದು.

“ನಿಂದೇ ತಪ್ಪು ಅಂತೀಯಾ? ಅಷ್ಟು ಜನದ ಮುಂದೆ?”

“ಅಂತೀನಿ. ನಾಲಿಗೆಗೇನು ಮೂಳೆ ಇದೆಯಾ? ಹೇಗೆ ಬೇಕಾದ್ರೂ ತಿರುಗತ್ತೆ.”

“ನಾಚಿಕೆ ಆಗಲ್ವಾ ನಿಂಗೆ?”

“ಆಗತ್ತೆ ಕಣೇ. ಇವಳ ಹೊಟ್ಟೆಗೆ ನಾಚಿಕೆ ಬಡಿಸ್ಲಾ? ನಿನ್ನ ಹಾಡು ಬಡಿಸ್ಲಾ?”

ನಾನು ಹುಡುಗಿಯ ಹಿಂದೆ ಕೂತು ಜಾರಿದ ಕೂದಲನ್ನು ಹಿಡಿದುಕೊಂಡೆ.

ಸಮಾರಂಭ ಪ್ಯಾಕಿಂಗ್ ಹಾಲಿನಲ್ಲಿ. ಮುಂದೆ ಸೋಫಾಗಳಲ್ಲಿ ದೊಡ್ಡವರು. ಅವರ ಹಿಂದೆ ಗೋಡೆಯವರೆಗೂ ನಾವು, ನಿಂತುಕೊಂಡು. ಎಲ್ಲರಿಗೂ ಹೊಸದಾಗಿ ಒಗೆದ ಸಮವಸ್ತ್ರ ಕೊಟ್ಟಿದ್ದರು. ಸಂಜೆ ವಾಪಸು ಕೊಡಬೇಕು. ಮಾಲೀಕ ಮಾತಾಡಿದ, ನಾವೆಲ್ಲ ಒಂದೇ ಸಂಸಾರ ಅಂದ. ಸಂಸಾರದ ಅರ್ಧ ಜನಕ್ಕೆ ಕೂರಲು ಜಾಗವಿರಲಿಲ್ಲ.

ವೇದಿಕೆಯ ಮೇಲೆ ಬಾಯ್ಲರ್ ತಂತಿ ಬಿಗಿ ಮಾಡುತ್ತಿದ್ದ. ಅಕ್ಕ ಡ್ರಮ್ಮಿನ ಹಿಂದೆ ಕೂತಳು. ಬಲಗೈಗೆ ಕೋಲನ್ನು ನಾನೇ ಬಟ್ಟೆಪಟ್ಟಿಯಿಂದ ಸುತ್ತಿ ಕಟ್ಟಿದೆ. ಮೇಸ್ತ್ರಿ ಪಕ್ಕದಲ್ಲೇ ನಿಂತು, “ಮೊದಲು ಮಾತು, ಆಮೇಲೆ ಹಾಡು,” ಅಂತ ಅಕ್ಕನ ಕಿವಿಯಲ್ಲಿ ಊದುತ್ತಿದ್ದ. “ತಪ್ಪು ನಂದೇ. ಅಲ್ಲಿಂದ ಶುರು ಮಾಡು.”

ಆಗ ಸೋಪಕ್ಕ ಚೀಲದಿಂದ ಒಂದು ಬಟ್ಟೆ ತೆಗೆದಳು. ಹಿಂದಿನ ಪರದೆಯ ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ಬಿಟ್ಟಳು. ಬ್ಯಾಂಡಿನ ಹೆಸರಿನ ಬಟ್ಟೆಯಿರಬೇಕು ಅಂತ ನಾನೂ ಅಂದುಕೊಂಡೆ. ಅದು ಬಿಚ್ಚಿಕೊಂಡು ನೆಲದವರೆಗೆ ಇಳಿಯಿತು.

ಆ ಶೀಟು. ಕಲೆ ಹೋಗಲಿಲ್ಲ ಅಂತ ಚಿಂದಿಯ ರಾಶಿಗೆ ಎಸೆದಿದ್ದನ್ನು ಸೋಪಕ್ಕ ಎತ್ತಿಟ್ಟುಕೊಂಡಿದ್ದಳು. ಹಾಲಿನ ಹಾಗೆ ಬೆಳ್ಳಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಕಂದು ಬಣ್ಣದ ಅಂಗೈ. ಐದು ಬೆರಳು. ಗೆರೆ ಗೆರೆಯೂ ಕಾಣುವ ಹಾಗೆ ಒತ್ತಿ, ಕಾಯಿಸಿ, ಬಿಸಿನೀರಿನಲ್ಲಿ ಕುದಿಸಿ ಕಾಯಂ ಮಾಡಿದ ಕೈ.

ಅಕ್ಕ ತಿರುಗಿ ನೋಡಿದಳು. ಶೀಟಿನ ಮೇಲೆ ಐದು. ತನ್ನ ಕೈಯಲ್ಲಿ ಎರಡು. ಹೋದ ಮೂರು ಅಲ್ಲಿದ್ದವು, ಎಲ್ಲಿಗೂ ಹೋಗಿರಲಿಲ್ಲ.

ಸೋಪಕ್ಕ ಆ ವರ್ಷದ ಮೂರನೇ ಮಾತಾಡಿದಳು. “ಇದು ನಿಂದು ಕಣವ್ವ.”

ಅಕ್ಕ ಎದ್ದು ಮೈಕಿನ ಹತ್ತಿರ ಬಂದಳು. ಕೋಲು ಕಟ್ಟಿದ ಕೈ ಹಾಗೇ ಇತ್ತು. ಪರದೆಗೆ ಬೆನ್ನು ಮಾಡಿ ನಿಂತಿದ್ದ ಮೇಸ್ತ್ರಿಗೆ ಆ ಶೀಟು ಇನ್ನೂ ಕಂಡಿರಲಿಲ್ಲ. ‘ತಪ್ಪು ನಂದೇ’ ಅಂತ ತುಟಿ ಆಡಿಸಿ ತೋರಿಸಿದ. ಅಕ್ಕ ಅವನನ್ನು ನೋಡಲಿಲ್ಲ. ಸೋಫಾಗಳ ತಲೆಯ ಮೇಲಿಂದ ಹಿಂದೆ ನಿಂತವರನ್ನು ನೋಡಿದಳು.

“ಕೈ?” ಅಂದಳು.

ಒಬ್ಬ ದೊಡ್ಡವನು ಕೆಮ್ಮಿದ.

“ಕೈ?”

ಅದು ಯೋಚಿಸಿ ಕೊಟ್ಟ ಉತ್ತರವಲ್ಲ. ಸೀನು ಬಂದ ಹಾಗೆ ಬಂತು. ವರ್ಷಗಟ್ಟಲೆ ಬಾಯಲ್ಲಿದ್ದದ್ದು, ಅರ್ಧ ದಿನದ ಕೂಲಿಯ ಹೆದರಿಕೆಯಲ್ಲಿ ನುಂಗಿಕೊಂಡದ್ದು. ಗೋಡೆಯವರೆಗೂ ನಿಂತವರೆಲ್ಲ ಒಂದೇ ಉಸಿರಿಗೆ,

“ಹೊರಗೆ!”

ನಾನು ಜಗತ್ತಿನ ಅತಿ ದೊಡ್ಡ ಗಂಟಲಿನವಳು. ಅವತ್ತು ನನ್ನದು ಸೊಳ್ಳೆಯ ದನಿ.

ಅಕ್ಕ ಡ್ರಮ್ಮಿಗೆ ಹಾರಿದಳು. ಎಡಗೈ, ಕಾಲು, ಕಟ್ಟಿದ ಕೋಲು. ಪ್ರೆಸ್ಸಿನದೇ ತಾಳ, ಆದರೆ ಗಂಟೆ ಬಂದ ಮೇಲಿನ ವೇಗ. ಬಾಯ್ಲರ್ ಉಳಿದ ತಂತಿಗಳ ಮೇಲೆ ಬಿದ್ದ. ಸೋಪಕ್ಕನ ಬೇಸಿಗೆ ನೆಲ ನಡುಗಿ ಸೋಫಾದ ದೊಡ್ಡವರ ಕೆನ್ನೆ ಕುಣಿದವು. ನಾನು ಕೂಗಿದೆ:

“ಬೆರಳು ಮೂರು! ತಪ್ಪು ಯಾರದು?
ಗುಂಡಿ ಪಕ್ಕ ನಿಂತವರದು!”

ಹಿಂದಿನವರು ಮುಂದೆ ನುಗ್ಗಿದರು. ಪಿಟ್ಟು ಸೋಫಾಗಳ ನಡುವೆಯೇ ಎದ್ದಿತು. ಮಡಚುವ ವಿಭಾಗದ ಅಜ್ಜಿಯರು, ಲೋಡಿಂಗಿನ ಹುಡುಗಿಯರು, ಹೊಸ ಸಮವಸ್ತ್ರದಲ್ಲಿ ಭುಜಕ್ಕೆ ಭುಜ. ಆಸ್ಪತ್ರೆಯ ದೊಡ್ಡ ಮನುಷ್ಯನೊಬ್ಬ ಓಡಲು ಹೋಗಿ ಮುಗ್ಗರಿಸಿ ಬಿದ್ದ. ನಮ್ಮವರ ಕೈಗಳು ತಟ್ಟನೆ ಅವನನ್ನೂ ಎತ್ತಿ ನಿಲ್ಲಿಸಿ, ಕೋಟು ಕೊಡವಿ, ಮತ್ತೆ ಒಂದು ಗುದ್ದಿದವು. ಕಾನೂನೆಂದರೆ ಕಾನೂನು.

ಮೇಸ್ತ್ರಿ ಮೇನ್ ಸ್ವಿಚ್ಚು ಎಳೆದ. ಗಿಟಾರು ಸತ್ತಿತು, ಮೈಕು ಸತ್ತಿತು. ಅಕ್ಕನ ಡ್ರಮ್ಮಿಗೆ ಕರೆಂಟು ಬೇಕಿರಲಿಲ್ಲ. ಗಾಯ ಬಿರಿದು ಪಟ್ಟಿ ಕೆಂಪಾಗಿತ್ತು. ಅವಳು ನಿಲ್ಲಿಸಲಿಲ್ಲ. ಕತ್ತಲ ಹಾಲಿನಲ್ಲಿ ಕೈ, ಹೊರಗೆ, ಕೈ, ಹೊರಗೆ.

ನಮ್ಮನ್ನು ಕೆಲಸದಿಂದ ತೆಗೆದರು, ಅಲ್ಲೇ, ನಿಂತ ನಿಲುವಿನಲ್ಲಿ. ಸಮವಸ್ತ್ರ ಬಿಚ್ಚಿಸಿಕೊಂಡರು.

ಮಾರನೆಯ ಬೆಳಿಗ್ಗೆ ನಾವು ನಾಲ್ವರೂ ಗೇಟಿಗೆ ಹೋದೆವು. ಕಾವಲಿನವನು ಅಡ್ಡ ನಿಂತ. ಹಿಂದಿನಿಂದ ಇಡೀ ಪಾಳಿ ಬಂತು. ಒಂದು ಕೋಟಿ ಜನ ಇದ್ದರು. ಸರಿ, ಎಂಬತ್ತು. ಅವನು ಪಕ್ಕಕ್ಕೆ ಸರಿದ. ಅವನೂ ಶೆಡ್ಡಿನ ಪಿಟ್ಟಿನಲ್ಲಿ ಎರಡು ಸಲ ಬಿದ್ದು ಎದ್ದವನು.

ಪ್ರೆಸ್ಸಿನ ಹಾಲು. ಎಲ್ಲರೂ ಅವರವರ ಯಂತ್ರದ ಮುಂದೆ ನಿಂತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಟಿಣ್. ಸಾಲಿನ ಕಬ್ಬಿಣಗಳು ಇಳಿದವು. ಶೀಟಿಲ್ಲ. ಬರಿಯ ಗಾಳಿಗೆ ಇಸ್ತ್ರಿ ಹಾಕಿ ಎದ್ದವು. ಟಿಣ್. ಮತ್ತೆ ಗಾಳಿ. ಗಂಟೆ ಹೋಗುವವರೆಗೆ ಒಂದು ಕರವಸ್ತ್ರವೂ ಒಳಗೆ ಹೋಗುವುದಿಲ್ಲ ಅಂದಳು ಅಕ್ಕ.

“ಸೊಕ್ಕು! ತಿಂದಿದ್ದು ಹೆಚ್ಚಾಗಿದೆ ನಿಮಗೆ!” ಮೇಸ್ತ್ರಿ ಬುಟ್ಟಿಯಿಂದ ಒದ್ದೆ ಶೀಟೊಂದನ್ನು ಎಳೆದ. “ಏನು ಮಹಾ ಕೆಲಸ ಇದು? ನೋಡಿ, ಹೀಗೆ! ಕಣ್ಣಿದ್ರೆ ಸಾಕು!”

ನಮ್ಮ ಪ್ರೆಸ್ಸಿನ ಮೇಲೇ ಹಾಸಿದ. ಕೈಪಳಗಿದವನಲ್ಲ, ಮೂಲೆ ಮಡಚಿಕೊಂಡಿತು. ಬಲಗೈ ಒಳಗೆ ಹಾಕಿದ. ಹಬೆ ಎದ್ದಿತ್ತು. ಅವನ ಮುಖ ನಮ್ಮ ಕಡೆಗೆ. ಇನ್ನೂ ಬೈಯುತ್ತಲೇ ಇದ್ದ.

ನನಗೆ ಕಂಡಿತು. ಗಂಟೆ ಹೊಡೆಯುವ ಹೊತ್ತು ಅಂತ ನನ್ನ ಮೈಗೆ ಗೊತ್ತಿತ್ತು. ಜಗತ್ತಿನ ಅತಿ ದೊಡ್ಡ ಗಂಟಲನ್ನು ನಾನು ಬಿಗಿದು ಮುಚ್ಚಿಕೊಂಡೆ. ಬೇಕೆಂದೇ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕೂಗಿದವಳು ಅಕ್ಕ.

“ಕೈ!”

ಅವನು ಹಾವು ಕಂಡವನ ಹಾಗೆ ಸೆಳೆದುಕೊಂಡ. ಟಿಣ್. ಕಬ್ಬಿಣ ಇಳಿಯಿತು. ಅಂಗಿಯ ತೋಳಿನ ಗುಂಡಿಯೊಂದು ಒಳಗೆ ಉಳಿಯಿತು; ಎದ್ದಾಗ ಚಪ್ಪಟೆ ಬಿಲ್ಲೆ. ಮೇಸ್ತ್ರಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿಕೊಂಡ.

ಅಕ್ಕ ಅವನ ಎದುರಿಗೆ ಬಂದು ನಿಂತಳು, ಹಿಂದೆ ನಾನು ಪೆಡಲು ತುಳಿಯುತ್ತಿದ್ದ ಜಾಗದಲ್ಲಿ.

“ಕೈ?” ಅಂತ ಕೇಳಿದಳು.

ಅವನು ಸುತ್ತ ನೋಡಿದ. ಎಂಬತ್ತು ಜೊತೆ ಕಣ್ಣು. ತುಟಿ ಎರಡು ಸಲ ಅಲುಗಿತು.

“ಹೊರಗೆ,” ಅಂದ.

“ಕೇಳಿಸ್ಲಿಲ್ಲ,” ಅಂದಳು ಅಕ್ಕ.